ಜಲಸುರಂಗ ಶೋಧನೆ (ಕರ್ನಾಟಕ)

ನೆಲದಡಿಯ ನೀರುಗಾಲುವೆ, ಮೋರಿಗಳೊಳಗೆ ಇಳಿದು ಅವುಗಳ ಜಾಡು, ಅಳತೆ, ರಚನೆಗಳನ್ನು ದಾಖಲಿಸುವ ಕೆಲಸ. ಪ್ಯಾರಿಸ್ಸಿನ ಚರಂಡಿಗಳಲ್ಲಿ ಫ್ರೆಂಚ್ ಛಾಯಾಗ್ರಾಹಕ ನಾದಾರ್ 1860ರ ದಶಕದಲ್ಲೇ ಕೃತಕ ಬೆಳಕಿನಲ್ಲಿ ಛಾಯಾಚಿತ್ರ ತೆಗೆದಿದ್ದ. ಕರ್ನಾಟಕದಲ್ಲಿ ಈ ಕೆಲಸ ಮುಖ್ಯವಾಗಿ ಸುಲ್ತಾನರ ಕಾಲದ ಕುಡಿಯುವ ನೀರಿನ ಸುರಂಗಗಳ ಸುತ್ತ ನಡೆದಿದೆ.

ವಿಜಯಪುರದ ವ್ಯವಸ್ಥೆ ಹೆಚ್ಚು ಪರಿಚಿತ. ತೊರವಿಯಿಂದ ನಗರಕ್ಕೆ ನೆಲದಡಿಯಲ್ಲಿ ನೀರು ಬರುತ್ತಿತ್ತು. 1651ರಲ್ಲಿ ಬೇಗಂ ತಲಾಬ್ ಕೆರೆಯೂ ಇದಕ್ಕೆ ಸೇರಿಕೊಂಡಿತು. ಮಣ್ಣಿನ ಕೊಳವೆಗಳಲ್ಲಿ ಒತ್ತಡ ತಗ್ಗಿಸಲು ಕಟ್ಟಿದ ಗಂಜ್ ಎಂಬ ಗೋಪುರಗಳು ಇಂದೂ ಕಾಣುತ್ತವೆ. ಹೆನ್ರಿ ಕಸಿನ್ಸ್ 1916ರ ತಮ್ಮ ಗ್ರಂಥದಲ್ಲಿ ಇವನ್ನು ವರ್ಣಿಸಿದ್ದಾರೆ.

ಗೊಂದಲವಿರುವುದು ಬೀದರಿನಲ್ಲಿ. ಜನ ಸುರಂಗ ಬಾವಿ ಎನ್ನುವ ಇಲ್ಲಿನ ಕರೇಜ್‌ಗಳು ಮೂರು: ನೌಬಾದ್, ಶುಕ್ಲತೀರ್ಥ, ಜಮ್ನಾ ಮೋರಿ. ಜಂಬಿಟ್ಟಿಗೆಯಲ್ಲಿ ಇಂಗಿದ ಮಳೆನೀರು ಕೆಳಗಿನ ಗಟ್ಟಿ ಪದರದ ಮೇಲೆ ತಂಗುತ್ತದೆ. ಸುರಂಗ ಅದನ್ನು ಹಿಡಿದು ಸಣ್ಣ ಇಳಿಜಾರಿನಲ್ಲಿ ಹರಿಸುತ್ತದೆ, ದಾರಿಯುದ್ದಕ್ಕೂ ಗಾಳಿಬಾವಿಗಳಿವೆ. ಕೊನೆಯದಾದ ಜಮ್ನಾ ಮೋರಿ ಹಳೆಯ ಊರಿನ ಬೀದಿಗಳ ಕೆಳಗೆ ನೀರು ಹಂಚುವ ಜಾಲ. ನೌಬಾದ್ ಸುರಂಗದ ಉದ್ದವನ್ನು ಒಬ್ಬರು 2 ಕಿ.ಮೀ. ಎಂದರೆ ಇನ್ನೊಬ್ಬರು 3 ಕಿ.ಮೀ. ಎನ್ನುತ್ತಾರೆ. ಹೂಳು ತುಂಬಿದ ಸುರಂಗವನ್ನು ಮೇಲಿನ ಬಾವಿಗಳ ಸಾಲು ನೋಡಿ ಅಂದಾಜು ಮಾಡಿದರೆ ಅಂಕಿಗಳು ಹೊಂದುವುದು ಕಷ್ಟವೇ.

ಕಟ್ಟಿಸಿದವರು ಯಾರೆಂಬುದರಲ್ಲೂ ಒಮ್ಮತವಿಲ್ಲ. ಇರಾನಿನ ಗಿಲಾನ್‌ನಿಂದ ಬಂದ ಬಹಮನಿ ಮಂತ್ರಿ ಮಹಮೂದ್ ಗವಾನನ ಹೆಸರು ಸುಲಭವಾಗಿ ಬಾಯಿಗೆ ಬರುತ್ತದೆ. ಆದರೆ ಇರಾನಿನ ನಂಟಿಗೆ ಗವಾನನನ್ನೇ ಕಾಯಬೇಕಿರಲಿಲ್ಲ. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಬಹಮನಿ ಸುಲ್ತಾನ ಒಂದನೆಯ ಅಹಮದ್ ಷಾ (1422–36) ಕಿರ್ಮಾನ್ ಸೀಮೆಯ ಸೂಫಿ ಷಾ ನಿಯಾಮತುಲ್ಲನ ಮನೆತನವನ್ನು ಕರೆಸಿಕೊಂಡಿದ್ದ. ಕಿರ್ಮಾನ್ ಇಂಥ ಸುರಂಗಗಳಿಗೇ ಹೆಸರಾದ ನಾಡು. ಹೊಸ ರಾಜಧಾನಿಗೆ ನೀರಿನ ಅಗತ್ಯ ಬಿದ್ದ ಕಾಲವೂ ಅದೇ.

ಗುಲಾಂ ಯಜ್ದಾನಿಯವರ 1947ರ ಬೀದರ್ ಗ್ರಂಥದ ನಂತರ ವಿಷಯ ಬಹುಕಾಲ ತಣ್ಣಗಿತ್ತು. ಗಾಳಿಬಾವಿಗಳು ಕಸದ ಗುಂಡಿಗಳಾದವು, ಕೆಲವು ರಸ್ತೆ, ಕಟ್ಟಡಗಳ ಅಡಿ ಸೇರಿದವು. 2010ರ ದಶಕದಲ್ಲಿ ಕೇರಳದ ಭೂಗೋಳ ಅಧ್ಯಾಪಕ ವಿ. ಗೋವಿಂದನ್‌ಕುಟ್ಟಿ ಸ್ಥಳೀಯ ಯುವಕರ ಜೊತೆ ಜಾಡು ಹಿಡಿದು ನಕ್ಷೆ ಮಾಡತೊಡಗಿದರು. ಇದನ್ನೇ ನಿಜವಾದ ತಿರುವು ಎನ್ನಬೇಕು. 2015–16ರ ಬರದ ಆಸುಪಾಸಿನಲ್ಲಿ ಜಿಲ್ಲಾಡಳಿತ ನೌಬಾದ್‌ನಲ್ಲಿ ಹೂಳೆತ್ತಿಸಿತು. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್‌ನ ನಿಗಾ ಪಟ್ಟಿಗೆ 2014ರಲ್ಲಿ ಬೀದರ್ ನಗರವೂ 2020ರಲ್ಲಿ ದಖ್ಖನ್ನಿನ ಜಲವ್ಯವಸ್ಥೆಗಳೂ ಸೇರಿದವು.

ಕಾಸರಗೋಡು, ದಕ್ಷಿಣ ಕನ್ನಡದ ಸುರಂಗಗಳ ಬಗೆ ಬೇರೆ. ಅರಮನೆಯ ಹಂಗಿಲ್ಲದೆ ರೈತರೇ ಗುಡ್ಡದ ಮುರಕಲ್ಲನ್ನು ಅಡ್ಡಡ್ಡವಾಗಿ ಕೊರೆದವು ಇವು. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಒಬ್ಬಂಟಿಯಾಗಿ ಕೊರೆದು, ಹಲವು ಸೋಲುಗಳ ನಂತರ ನೀರು ಕಂಡರು. 2022ರಲ್ಲಿ ಪದ್ಮಶ್ರೀ ಪಡೆದರು. ಒಳಗೆ ಉರಿಯುವ ದೀಪ ಮಂಕಾದರೆ ಉಸಿರಾಡುವ ಗಾಳಿ ಕಡಿಮೆಯಾಗಿದೆಯೆಂದು ತಿಳಿದು ಕೊರೆಯುವವರು ಹೊರಬರುತ್ತಾರೆ.

ಇಂದಿನ ಒಳಚರಂಡಿಗಳಲ್ಲಿ ದೀಪದ ಪರೀಕ್ಷೆ ಸಾಲದು. ಅಲ್ಲಿ ಹೈಡ್ರೋಜನ್ ಸಲ್ಫೈಡ್, ಮೀಥೇನ್ ತುಂಬಿರಬಹುದು. ಮೀಥೇನ್ ಇದ್ದಲ್ಲಿ ಕಿಡಿಯೇ ಅಪಾಯ. ರಕ್ಷಣಾ ಸಾಧನವಿಲ್ಲದೆ ಮ್ಯಾನ್‌ಹೋಲ್ ಸ್ವಚ್ಛತೆಗೆ ಜನರನ್ನು ಇಳಿಸುವುದನ್ನು ಮಲಹೊರುವ ಪದ್ಧತಿಯ ವಿರುದ್ಧದ 2013ರ ಕಾಯ್ದೆ ನಿಷೇಧಿಸಿದೆ. ಹಾಗೆ ಇಳಿದು ಸತ್ತವರ ಕುಟುಂಬಕ್ಕೆ ಕೊಡುವ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು.