ತಲೆಹೇನು ನಿವಾರಣೆಯ ಇತಿಹಾಸ

ಮನುಷ್ಯರ ತಲೆಗೂದಲಲ್ಲಿ ನೆಲೆಸಿ ರಕ್ತ ಹೀರುವ ಹೇನನ್ನೂ ಕೂದಲಿಗೆ ಅಂಟಿರುವ ಅದರ ಮೊಟ್ಟೆಯನ್ನೂ (ಸೀರು) ತೆಗೆಯಲು ಬಳಕೆಗೆ ಬಂದ ಕ್ರಮಗಳ ಚರಿತ್ರೆ. ಬಾಚಣಿಗೆ, ಎಣ್ಣೆ, ಗಿಡಮೂಲಿಕೆ, ಕೀಟನಾಶಕ ಎಲ್ಲವೂ ಇದರಲ್ಲಿ ಸೇರುತ್ತವೆ. ಹಲವು ಔಷಧಗಳು ಬಂದುಹೋದರೂ ಹಣಿಗೆಯೂ ಮನೆಯವರ ತಾಳ್ಮೆಯ ಕೈಯೂ ಮಾತ್ರ ಎಲ್ಲ ಕಾಲದಲ್ಲೂ ಉಳಿದುಬಂದಿವೆ.

ಹೇನಿನ ಬದುಕು

ಬೆಳೆದ ಹೇನು 2ರಿಂದ 3 ಮಿ.ಮೀ. ಉದ್ದವಿರುತ್ತದೆ. ಅದಕ್ಕೆ ರೆಕ್ಕೆಯಿಲ್ಲ, ಜಿಗಿಯಲೂ ಬಾರದು. ಆರು ಕಾಲುಗಳ ತುದಿಯ ಕೊಕ್ಕೆಗಳಿಂದ ಕೂದಲನ್ನು ಹಿಡಿದು ಹರಿದಾಡುತ್ತದೆ. ಆದ್ದರಿಂದ ಅದು ಹರಡುವುದು ಮುಖ್ಯವಾಗಿ ತಲೆಗೆ ತಲೆ ತಾಗಿದಾಗ. ಒಟ್ಟಿಗೆ ಮಲಗುವ, ತಲೆ ಜೋಡಿಸಿ ಆಡುವ ಮಕ್ಕಳಲ್ಲಿ ಹೆಚ್ಚು ಕಾಣುವುದೂ ಇದರಿಂದಲೇ. ಹೆಣ್ಣು ಹೇನು ತಲೆಯ ಚರ್ಮದ ಸಮೀಪ ಕೂದಲ ಬುಡಕ್ಕೆ ಸೀರನ್ನು ಗಟ್ಟಿ ಅಂಟಿನಿಂದ ಅಂಟಿಸುತ್ತದೆ. 7ರಿಂದ 10 ದಿನಗಳಲ್ಲಿ ಮರಿ ಹೊರಬರುತ್ತದೆ. ತಲೆಯಿಂದ ಕೆಳಗೆ ಬಿದ್ದ ಹೇನು ಒಂದೆರಡು ದಿನಗಳಲ್ಲಿ ಸಾಯುತ್ತದೆ.

ಬಟ್ಟೆಯಲ್ಲಿ ವಾಸಿಸುವ ಕೂರೆ ಇದರ ಹತ್ತಿರದ ಸಂಬಂಧಿ. ತಲೆಹೇನಿನ ವಂಶದಿಂದ ಕೂರೆ ಕವಲೊಡೆದದ್ದು ಮನುಷ್ಯರು ಬಟ್ಟೆ ತೊಡಲು ಆರಂಭಿಸಿದ ಮೇಲೆ. 2011ರ ವಂಶವಾಹಿ ಅಧ್ಯಯನವೊಂದು ಆ ಕಾಲವನ್ನು ಸುಮಾರು 1,70,000 ವರ್ಷಗಳ ಹಿಂದಕ್ಕೆ ಒಯ್ದಿದೆ. ಟೈಫಸ್ ಜ್ವರವನ್ನು ಹರಡುವುದು ಕೂರೆ ಎಂದು 1909ರಲ್ಲಿ ಟ್ಯುನಿಸ್ ನಗರದಲ್ಲಿ ತೋರಿಸಿಕೊಟ್ಟ ಷಾರ್ಲ್ ನಿಕೋಲ್‌ಗೆ 1928ರ ನೊಬೆಲ್ ಪ್ರಶಸ್ತಿ ಬಂತು. ತಲೆಹೇನು ತುರಿಕೆ ತರುತ್ತದೆ, ನಿದ್ದೆ ಕೆಡಿಸುತ್ತದೆ, ಕೆರೆದಲ್ಲಿ ಹುಣ್ಣಾಗಬಹುದು. ಆದರೆ ಅಂಥ ಮಾರಕ ರೋಗಗಳ ವಾಹಕವೆಂದು ಅದನ್ನು ಎಣಿಸುವುದಿಲ್ಲ.

ಪ್ರಾಚೀನ ಕುರುಹುಗಳು

ಈಶಾನ್ಯ ಬ್ರೆಜಿಲ್‌ನಲ್ಲಿ ದೊರೆತ ಸುಮಾರು 10,000 ವರ್ಷ ಹಳೆಯ ಮಾನವ ಕೂದಲಿನಲ್ಲಿ ಸೀರು ಕಂಡುಬಂದಿದೆ. ಈಜಿಪ್ಟಿನ ಪುರೋಹಿತರು ಹೇನು ಸೇರದಿರಲೆಂದು ದಿನ ಬಿಟ್ಟು ದಿನ ಮೈಯೆಲ್ಲ ಬೋಳಿಸಿಕೊಳ್ಳುತ್ತಿದ್ದರೆಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ.

ಎಲ್ಲಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಸಿಕ್ಕಿದ್ದು ಇಸ್ರೇಲಿನ ಲಾಕೀಶ್ ಉತ್ಖನನದಲ್ಲಿ. 2016ರಲ್ಲಿ ಅಲ್ಲಿ ದೊರೆತ ಆನೆದಂತದ ಹಣಿಗೆ ನಾಲ್ಕು ಸೆಂ.ಮೀ. ಉದ್ದವೂ ಇಲ್ಲ. ಸಿಕ್ಕು ಬಿಡಿಸಲು ಒಂದು ಬದಿಯಲ್ಲಿ ಆರು ದಪ್ಪ ಹಲ್ಲು, ಹೇನು-ಸೀರು ತೆಗೆಯಲು ಇನ್ನೊಂದು ಬದಿಯಲ್ಲಿ ಹದಿನಾಲ್ಕು ಸಣ್ಣ ಹಲ್ಲು. ಹಲ್ಲುಗಳೆಲ್ಲ ಮುರಿದು ಬುಡಗಳಷ್ಟೇ ಉಳಿದಿವೆ. ಮರಿಹೇನಿನ ಹೊರಪದರದ ಚೂರುಗಳೂ ಅದಕ್ಕೆ ಅಂಟಿಕೊಂಡಿದ್ದವು. ಮೈಮೇಲೆ ಕೊರೆದ 17 ಸೂಕ್ಷ್ಮ ಅಕ್ಷರಗಳನ್ನು ಓದಿ 2022ರಲ್ಲಿ ಪ್ರಕಟಿಸಲಾಯಿತು. ತಲೆಗೂದಲು ಮತ್ತು ಗಡ್ಡದ ಹೇನನ್ನು ಈ ದಂತ ಕಿತ್ತುಹಾಕಲಿ ಎಂಬ ಹಾರೈಕೆ ಅದರಲ್ಲಿದೆ. ಲಿಪಿಯ ಸ್ವರೂಪದಿಂದ ಅದರ ಕಾಲ ಸುಮಾರು ಕ್ರಿ.ಪೂ. 1700 ಎಂದು ಅಂದಾಜಿಸಿದ್ದಾರೆ. ಕಾನಾನೈಟ್ ಅಕ್ಷರಮಾಲೆಯಲ್ಲಿ ಈವರೆಗೆ ಸಿಕ್ಕಿರುವ ಅತ್ಯಂತ ಹಳೆಯ ಪೂರ್ಣ ವಾಕ್ಯವೇ ಇದು. ದಂತದ ವಸ್ತು ಕೊಳ್ಳಬಲ್ಲ ಸಿರಿವಂತರ ತಲೆಯನ್ನೂ ಹೇನು ಬಿಟ್ಟಿರಲಿಲ್ಲ.

ಭಾರತದಲ್ಲಿ

ಚರಕಸಂಹಿತೆಯ ವಿಮಾನಸ್ಥಾನ ಯೂಕವನ್ನು, ಅಂದರೆ ಹೇನನ್ನು, ದೇಹದ ಹೊರಗಿನ ಕ್ರಿಮಿಗಳ ಸಾಲಿಗೆ ಸೇರಿಸಿ, ಅವನ್ನು ಎಳೆದು ತೆಗೆಯುವ 'ಅಪಕರ್ಷಣ'ವನ್ನು ಚಿಕಿತ್ಸೆಯಾಗಿ ಹೇಳುತ್ತದೆ. ಮಲಿನತೆಯೇ ಹೇನಿಗೆ ಕಾರಣವೆಂಬ ಅಲ್ಲಿನ ಮಾತನ್ನು ಇಂದಿನ ವಿಜ್ಞಾನ ಒಪ್ಪುವುದಿಲ್ಲ; ದಿನವೂ ತೊಳೆದ ತಲೆಯಲ್ಲೂ ಹೇನು ಬದುಕುತ್ತದೆ. ಮೈಸೂರಿನಲ್ಲಿ ದೊರೆತ ಹಸ್ತಪ್ರತಿಯಿಂದ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸೀರು ಮತ್ತು ಹೇನು ಉದ್ದದ ಅಳತೆಗಳಾಗಿವೆ: 8 ಲಿಕ್ಷಾ (ಸೀರು) ಸೇರಿದರೆ ಒಂದು ಯೂಕಾ (ಹೇನು), 8 ಯೂಕಾ ಒಂದು ಯವಮಧ್ಯ, 8 ಯವಮಧ್ಯ ಒಂದು ಅಂಗುಲ. ಹೇನೂ ಸೀರೂ ಆಗ ಎಲ್ಲರೂ ಕಂಡು ಬಲ್ಲ ವಸ್ತುಗಳಾಗಿದ್ದಿರಬೇಕು.

ಕನ್ನಡನಾಡಿನ ಮನೆಗಳಲ್ಲಿ ಹೇನು ನೋಡುವುದು ಹೆಂಗಸರು ಬಿಡುವಿನಲ್ಲಿ ಮಾಡುತ್ತಿದ್ದ ಕೆಲಸ. ಬೆಳಕಿರುವ ಜಗಲಿಯಲ್ಲೋ ಹಿತ್ತಲಲ್ಲೋ ಒಬ್ಬರ ಹಿಂದೆ ಒಬ್ಬರು ಕೂತು, ಬೈತಲೆ ತೆಗೆದು, ಕಿವಿಯ ಹಿಂದೆ ಹಾಗೂ ಹಿಂದಲೆಯಲ್ಲಿ ಮೊದಲು ಹುಡುಕುತ್ತಿದ್ದರು. ಸಿಕ್ಕ ಹೇನನ್ನು ಎರಡು ಹೆಬ್ಬೆರಳ ಉಗುರುಗಳ ನಡುವೆ ಒತ್ತಿ ಕೊಲ್ಲುವುದು ರೂಢಿ. ಎಣ್ಣೆ ಹಚ್ಚಿದ ಕೂದಲಿನಲ್ಲಿ ಒತ್ತಾದ ಹಲ್ಲಿನ ಸೀರಣಿಗೆ ಎಳೆದು ಬಿಳಿ ಬಟ್ಟೆಯ ಮೇಲೆ ಕೊಡವುತ್ತಿದ್ದರು. ಬೇವಿನೆಣ್ಣೆ, ಕರ್ಪೂರ ಬೆರೆಸಿದ ಕೊಬ್ಬರಿ ಎಣ್ಣೆ, ಸೀತಾಫಲದ ಬೀಜದ ಪುಡಿ ಹೆಸರಾದ ಮನೆಮದ್ದುಗಳು. ಇವುಗಳಲ್ಲಿ ಸೀತಾಫಲದ ಬೀಜ ಅಪಾಯಕಾರಿ: ಪುಡಿ ಕಣ್ಣಿಗೆ ಬಿದ್ದರೆ ಕಾರ್ನಿಯಾಕ್ಕೆ ಗಾಯವಾಗುತ್ತದೆ. ಸೀಮೆಎಣ್ಣೆಯನ್ನಂತೂ ಮಕ್ಕಳ ತಲೆಗೆ ಹಚ್ಚಲೇಬಾರದು; ಅದು ಚರ್ಮವನ್ನು ಸುಡುತ್ತದೆ, ಬೆಂಕಿಯ ಕಿಡಿ ತಾಗಿದರೆ ಜೀವಕ್ಕೇ ಕುತ್ತು.

ರಾಸಾಯನಿಕಗಳ ಕಾಲ

1939ರಲ್ಲಿ ಪಾಲ್ ಮ್ಯುಲರ್ ಡಿಡಿಟಿಯ ಕೀಟನಾಶಕ ಗುಣವನ್ನು ಕಂಡುಹಿಡಿದರು. 1943-44ರ ಚಳಿಗಾಲದಲ್ಲಿ ಇಟಲಿಯ ನೇಪಲ್ಸ್ ನಗರದ ಟೈಫಸ್ ಪಿಡುಗನ್ನು ಹತೋಟಿಗೆ ತರಲು ಜನರ ಬಟ್ಟೆಯೊಳಗೆ ಕೀಟನಾಶಕ ಪುಡಿಗಳನ್ನು ಊದಲಾಯಿತು. ಅವುಗಳಲ್ಲಿ ಡಿಡಿಟಿಯೂ ಇತ್ತು. ಆದರೆ ಕೊರಿಯಾ ಯುದ್ಧದ ವೇಳೆಗೇ ಡಿಡಿಟಿಗೆ ಬಗ್ಗದ ಕೂರೆಗಳು ಕಾಣಿಸಿಕೊಂಡವು. ತಲೆಹೇನಿನ ಔಷಧಗಳೂ ಬಹುಕಾಲ ನಿಲ್ಲಲಿಲ್ಲ. ಲಿಂಡೇನ್ ಎಂಬ ಕೀಟನಾಶಕ ನರಮಂಡಲಕ್ಕೆ ಹಾನಿಕರವೆಂದು ಹಿಂದೆ ಸರಿಯಿತು. ಪರ್ಮೆಥ್ರಿನ್ ಎಂಬ ಇನ್ನೊಂದು ಕೀಟನಾಶಕಕ್ಕೆ 1990ರ ದಶಕದಿಂದ ಹಲವು ದೇಶಗಳಲ್ಲಿ ಹೇನು ಪ್ರತಿರೋಧ ಬೆಳೆಸಿಕೊಂಡಿತು. 2012ರಲ್ಲಿ ಅಮೆರಿಕದಲ್ಲಿ ಐವರ್ಮೆಕ್ಟಿನ್ ಲೋಷನ್‌ಗೆ ಅನುಮತಿ ದೊರೆಯಿತು. ವಿಷದ ಬದಲು ಹೇನನ್ನು ಆವರಿಸಿ ಕೊಲ್ಲುವ ಡೈಮೆಥಿಕೋನ್ ಎಂಬ ಸಿಲಿಕೋನ್ ದ್ರವವೂ ಈಗ ಬಳಕೆಯಲ್ಲಿದೆ.

ಇಂದಿನ ತಿಳಿವಳಿಕೆ

ಅನೇಕ ಔಷಧಗಳು ಹೇನನ್ನು ಕೊಂದರೂ ಸೀರನ್ನು ಪೂರ್ತಿ ನಾಶಮಾಡವು. ಅದಕ್ಕೇ ಹೊಸ ಮರಿಗಳು ಹೊರಬಂದ ಮೇಲೆ, ಅವು ಮೊಟ್ಟೆಯಿಡುವ ಮುನ್ನ, ಸಾಮಾನ್ಯವಾಗಿ ಒಂದು ವಾರ ಕಳೆದು ಔಷಧವನ್ನು ಮತ್ತೆ ಹಚ್ಚಲು ಹೇಳುತ್ತಾರೆ. ಒದ್ದೆ ಕೂದಲನ್ನು ಎಳೆ ಎಳೆಯಾಗಿ ಬಿಡಿಸಿ, ಕೆಲವು ದಿನಗಳಿಗೊಮ್ಮೆ ಸೀರಣಿಗೆಯಿಂದ ಬಾಚುವುದು ಔಷಧವಿಲ್ಲದೆಯೂ ಮಾಡಬಹುದಾದ ಕ್ರಮ. ಒಂದು ಮಗುವಿನ ತಲೆಯಲ್ಲಿ ಹೇನು ಕಂಡರೆ ಮನೆಯ ಎಲ್ಲರ ತಲೆಯನ್ನೂ ಅದೇ ದಿನ ನೋಡಬೇಕು. ಇಲ್ಲವಾದರೆ ಒಬ್ಬರ ತಲೆಯಿಂದ ಹೋದದ್ದು ಇನ್ನೊಬ್ಬರಿಂದ ಮರಳಿ ಬರುತ್ತದೆ.

ಹೇನಿನ ಕಾರಣಕ್ಕೆ ಮಕ್ಕಳನ್ನು ಶಾಲೆಯಿಂದ ಹೊರಗಿಡಬಾರದು ಎಂಬುದು ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿಯ ನಿಲುವು. ಹೇನಾಗುವುದು ಕೊಳಕುತನದ ಗುರುತಲ್ಲ, ತಾಯಿಯ ಅಲಕ್ಷ್ಯದ ಗುರುತೂ ಅಲ್ಲ. ಹೇನಾಯಿತೆಂದು ಹುಡುಗಿಯ ತಲೆ ಬೋಳಿಸುವುದು, ತರಗತಿಯಲ್ಲಿ ಬೇರೆ ಕೂರಿಸುವುದು ಮಗುವಿಗೆ ತುರಿಕೆಗಿಂತ ದೊಡ್ಡ ನೋವು ಕೊಡುತ್ತವೆ, ಹೇನು ನಿವಾರಣೆಗೆ ಅವುಗಳ ಅಗತ್ಯವೂ ಇಲ್ಲ.