ನೀರು ಇಳಿದಾಗ ಕಂಡ ನಮ್ಮ ಓಣಿ

ಮೇ ತಿಂಗಳಲ್ಲಿ ಆಲಮಟ್ಟಿ ಹಿನ್ನೀರು ಕೆಳಗೆ ಸರಿದಿತ್ತು. ಹಳೇ ಬಾಗಲಕೋಟೆಯಲ್ಲಿ ನಾವು ಹುಟ್ಟಿ ಬೆಳೆದ ಓಣಿಯ ಫೋಟೊ ತೆಗೆಯೋಣವೆಂದು ಮೊಬೈಲ್ ಹಿಡಿದು ಹೋದೆವು. ಜೊತೆಗೆ ಅವ್ವನೂ ಬಂದಳು.

ಕಂಡದ್ದು ಇಷ್ಟೇ: ಬಿರುಕು ಬಿಟ್ಟ ಕೆಸರು, ಜಾಲಿ ಕಂಟಿ, ಒಡೆದ ಒರಳು, ಒಂದು ಕಲ್ಲಿನ ಕಟ್ಟೆ. ಕಟ್ಟೆ ನೋಡಿದ ಕೂಡಲೇ ನಮ್ಮ ಮನೆ ಗುರುತು ಸಿಕ್ಕಿತು ಎಂದುಕೊಂಡು ನಾಲ್ಕಾರು ಫೋಟೊ ತೆಗೆದೆವು. ಅವ್ವ ಬಗ್ಗಿ ಕಲ್ಲಿನ ಮೇಲಿನ ಮಣ್ಣು ಒರೆಸಿದಳು.

‘ಇದು ನಮ್ಮನಿ ಅಲ್ಲೋ ತಮ್ಮಾ. ಇಲ್ಲಿ ಚೌಕಾಬಾರದ ಗೆರಿ ಕೊರದಾರ ನೋಡು. ಇದು ಬಡಿಗ್ಯಾರ ಮನಿ. ನಮ್ದು ಇನ್ನ ಎರಡ ಮನಿ ಆಚೆ.’

ಎರಡು ಮನೆ ಆಚೆ ಬರೀ ಕೆಸರಿತ್ತು. ಅದರ ಫೋಟೊವನ್ನೂ ತೆಗೆದೆವು.

ಈ ನೀರಿನ ಕಥೆ ನಮ್ಮ ಹುಟ್ಟಿಗಿಂತ ಹಳೆಯದು. 1964ರ ಮೇ ತಿಂಗಳಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದರು. ಮುಂದಿನ ತಿಂಗಳು ಅವರು ಪ್ರಧಾನಿಯಾದರು. ಅಣೆಕಟ್ಟೆ ಮಾತ್ರ ದಶಕಗಟ್ಟಲೆ ಏರುತ್ತಾ ಹೋಯಿತು. 2000ದಲ್ಲಿ ಸುಪ್ರೀಂ ಕೋರ್ಟ್ 519.60 ಮೀಟರ್‌ವರೆಗೆ ನೀರು ನಿಲ್ಲಿಸಲು ಒಪ್ಪಿತು. ಬಾಗಲಕೋಟೆ ಇರುವುದು ಘಟಪ್ರಭೆಯ ದಂಡೆಯಲ್ಲಿ. ಆ ಹೊಳೆ ಕೃಷ್ಣೆಯನ್ನು ಕೂಡುವುದರಿಂದ, ಆಲಮಟ್ಟಿಯಲ್ಲಿ ತಡೆದ ನೀರು ಹಿಂದಕ್ಕೆ ಏರಿ ಊರಿನ ತಗ್ಗಿನ ಓಣಿಗಳಿಗೆ ಬಂತು. ಹೊಲಗಳಿಗೆ ನೀರು ಹೋದದ್ದು ನಿಜ, ಕರೆಂಟ್ ಬಂದದ್ದೂ ನಿಜ. ಓಣಿ ಹೋದದ್ದೂ ನಿಜ.

ಜನರಿಗಾಗಿ ನವನಗರ ಕಟ್ಟಿದರು. ಅಗಲ ರಸ್ತೆ, ಅಳೆದು ಕೊಟ್ಟ ಪ್ಲಾಟು. ಆದರೆ ಅಲ್ಲಿ ಓಣಿಯ ಹೆಸರಿನ ಜಾಗಕ್ಕೆ ಸೆಕ್ಟರ್ ನಂಬರ್ ಬಂತು. ಗೋಡೆಗೆ ಗೋಡೆ ಹಚ್ಚಿಕೊಂಡಿದ್ದ ನಮ್ಮ ನೆರೆಯವರು ಬೇರೆ ಬೇರೆ ಸೆಕ್ಟರ್‌ಗೆ ಚದುರಿದರು. ಹಳೆಯ ಹೆಸರುಗಳು ಹೆಚ್ಚಾಗಿ ಕಿವಿಗೆ ಬೀಳುವುದು ಹೋಳಿಯಲ್ಲಿ. ಕಿಲ್ಲಾ, ಹಳಪೇಟ, ಹೊಸಪೇಟ, ಜೈನಪೇಟ, ವೆಂಕಟಪೇಟ ಎಂದು ಓಣಿಯ ಹೆಸರಿನಲ್ಲೇ ಇಲ್ಲಿ ಇಂದಿಗೂ ಹಲಗೆ ಬಡಿಯುತ್ತಾರೆ, ಬಣ್ಣ ಆಡುತ್ತಾರೆ.

ಅವತ್ತು ರಾತ್ರಿ ಫೋಟೊಗಳನ್ನು ಒಂದೊಂದಾಗಿ ನೋಡಿದೆವು. ಅವ್ವ ಇಲ್ಲದಿದ್ದರೆ ಬಡಿಗ್ಯಾರ ಕಟ್ಟೆಯನ್ನೇ ನಮ್ಮದೆಂದು ನಮ್ಮ ಮಕ್ಕಳಿಗೆ ತೋರಿಸುತ್ತಿದ್ದೆವು. ಫೋಟೊದಲ್ಲಿ ಕಲ್ಲು ಉಳಿಯುತ್ತದೆ. ಅದು ಯಾರ ಕಲ್ಲು ಎನ್ನುವುದು ಉಳಿಯುವುದು ಗೊತ್ತಿದ್ದವರು ಹೇಳಿದಾಗ, ಕೇಳಿದವರು ಬರೆದಿಟ್ಟಾಗ.

ಇದನ್ನು ಈಗ ಬರೆಯಲು ಕಾರಣವಿದೆ. ಅಣೆಕಟ್ಟೆಯ ನೀರಿನ ಮಟ್ಟವನ್ನು 524.256 ಮೀಟರ್‌ಗೆ ಏರಿಸಲು ಕೃಷ್ಣಾ ನ್ಯಾಯಾಧಿಕರಣ 2010ರಲ್ಲೇ ಒಪ್ಪಿದೆ. ಅಂದರೆ 519.60ಕ್ಕಿಂತ ಸುಮಾರು 15 ಅಡಿ ಮೇಲೆ. ಅದು ಜಾರಿಯಾದರೆ ಇನ್ನಷ್ಟು ಹಳ್ಳಿ, ಇನ್ನಷ್ಟು ಓಣಿ ನೀರಿಗೆ ಹೋಗುತ್ತವೆ. ನಿಮ್ಮೂರು ಆ ಅಂಚಿನಲ್ಲಿದ್ದರೆ ಮನೆ ನಿಂತಿರುವಾಗಲೇ ಫೋಟೊ ತೆಗೆಯಿರಿ. ಗುಡಿ, ಮಸೀದಿ, ಬಾವಿ ಕಟ್ಟೆ, ಗಿರಣಿ, ಒಂದನ್ನೂ ಬಿಡಬೇಡಿ. ಪ್ರತಿ ಫೋಟೊದ ಕೆಳಗೆ ಅದು ಯಾರ ಬಾಗಿಲು ಎಂದು ಬರೆಯಿರಿ. ಹಿರಿಯರನ್ನು ಕರೆದುಕೊಂಡೇ ಹೋಗಿ.

ನಾವೂ ಒಂದು ವಹಿ ತೆಗೆದುಕೊಂಡು ಅವ್ವನ ಮುಂದೆ ಕುಳಿತೆವು. ಓಣಿಯ ಬಾಯಿಂದ ಶುರುಮಾಡಿ ಬಲಗಡೆಯ ಹನ್ನೊಂದು ಮನೆಗಳನ್ನು ಹೇಳಿದಳು. ಹನ್ನೆರಡನೆಯದು ನೆನಪಾಗಲಿಲ್ಲ. ‘ಬಡಿಗ್ಯಾರ ಅಕ್ಕಗ ಗೊತ್ತಿರತೈತಿ’ ಎಂದಳು. ಆ ಸಾಲು ಖಾಲಿ ಬಿಟ್ಟಿದ್ದೇವೆ. ಅಕ್ಕ ಈಗ ಬೇರೆ ಸೆಕ್ಟರ್‌ನಲ್ಲಿದ್ದಾರೆ, ಎಂಬತ್ತು ದಾಟಿದೆ. ಈ ಭಾನುವಾರ ಹೋಗುತ್ತಿದ್ದೇವೆ.