ಸಯನ್ ಕೋಟೆ: ಲೋಕಲ್ ಟ್ರೈನು ದಿನಾ ದಾಟುವ ಹಳೇ ಗಡಿ

ಇವತ್ತಿನ ಮಾತು ಸಯನ್ ಕೋಟೆ ಬಗ್ಗೆ. ಮುಂಬಯಿಯಲ್ಲಿ ಕೆಲಸ ಮಾಡುವ ನಮ್ಮಲ್ಲಿ ಎಷ್ಟೋ ಜನ ಸೆಂಟ್ರಲ್ ಲೈನಿನಲ್ಲಿ ಸಯನ್ ದಾಟಿ ಕುರ್ಲಾಗೆ ಹೋಗ್ತೇವೆ. ಒಂದೇ ಸ್ಟಾಪು. ಆದರೆ ಆ ಒಂದು ಸ್ಟಾಪಿನ ನಡುವೆ ಒಂದು ಕಾಲದಲ್ಲಿ ಎರಡು ರಾಜ್ಯಗಳ ಗಡಿ ಇತ್ತು.

ಹೆಸರಿನಿಂದಲೇ ಶುರು ಮಾಡೋಣ. ಮರಾಠಿಯಲ್ಲಿ ಈ ಸ್ಟೇಷನ್ ಹೆಸರು ‘ಶೀವ್’. ಹಾಗಂದ್ರೆ ಗಡಿ. ನಮ್ಮ ‘ಸೀಮೆ’ ಇದರದೇ ಸಂಬಂಧಿ. ಹೊರನಾಡಿನಿಂದ ಬಂದದ್ದಕ್ಕೆ ನಾವು ಸೀಮೆಎಣ್ಣೆ, ಸೀಮೆಸುಣ್ಣ ಅಂತೀವಲ್ಲ, ಅದೇ ಸೀಮೆ.

ಪೋರ್ಚುಗೀಸರು 1661ರ ಮದುವೆ ಒಪ್ಪಂದದಲ್ಲಿ ಬೊಂಬಾಯಿಯನ್ನು ಇಂಗ್ಲೆಂಡಿನ ದೊರೆಗೆ ಬಿಟ್ಟುಕೊಟ್ಟರು. 1668ರಲ್ಲಿ ಅದು ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. ಆದರೆ ಪಕ್ಕದ ಸಾಲ್ಸೆಟ್ ದ್ವೀಪ ಪೋರ್ಚುಗೀಸರ ಹತ್ತಿರವೇ ಉಳೀತು. ಈಚೆ ಪರೇಲ್ ದ್ವೀಪ, ಆಚೆ ಸಾಲ್ಸೆಟ್, ನಡುವೆ ಖಾರಿ ಮತ್ತು ಜೌಗು. ಆ ಅಂಚಿನ ಗುಡ್ಡದ ಮೇಲೆ, ಗವರ್ನರ್ ಜೆರಾಲ್ಡ್ ಆಂಜಿಯರ್ ಕಾಲದಲ್ಲಿ, ಅಂದರೆ 1669ರಿಂದ 1677ರೊಳಗೆ, ಈ ಕೋಟೆ ಕಟ್ಟಿದರು.

ಚಿತ್ರದುರ್ಗದಂಥದ್ದನ್ನು ನೆನೆಸಿಕೊಂಡು ಹೋಗಬೇಡಿ. ಇದು ಸಣ್ಣ ಕಾವಲು ಕೋಟೆ. ಕೆಲಸ ಒಂದೇ: ಆಚೆ ದಡದಿಂದ ಯಾರು ಬರ್ತಾರೆ ನೋಡೋದು. ಆಚೆ ದಡದವರು ಬದಲಾಗ್ತಾನೇ ಇದ್ದರು. 1739ರಲ್ಲಿ ವಸಯಿ ಯುದ್ಧದ ಹೊತ್ತಿಗೆ ಸಾಲ್ಸೆಟ್ ಮರಾಠರ ಪಾಲಾಯಿತು. 1774ರ ಕೊನೆಯಲ್ಲಿ ಅದನ್ನು ಇಂಗ್ಲಿಷರು ಕಿತ್ತುಕೊಂಡರು. 1782ರ ಸಾಲ್ಬಾಯಿ ಒಪ್ಪಂದದಲ್ಲಿ ಅದು ಅವರಿಗೇ ಖಾಯಂ ಆಯಿತು. ಅಲ್ಲಿಗೆ ಗಡಿಯೂ ಹೋಯಿತು, ಕೋಟೆಯ ಕೆಲಸವೂ ಮುಗೀತು. ಆಮೇಲೆ ಖಾರಿಗೆ ಅಡ್ಡಲಾಗಿ ಸಯನ್ ಕಾಸ್‌ವೇ ಬಂತು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಹೊರಟ ಮೊದಲ ರೈಲೂ ಈ ದಾರಿಯಲ್ಲೇ ಹೋಯಿತು.

ಈಗಿನ ವಿಷಯಕ್ಕೆ ಬರೋಣ. ಕೋಟೆ ಪಾಳು ಬಿದ್ದಿದೆ. ಗೋಡೆಗಳ ಮೇಲೆ ಪ್ರೇಮಿಗಳ ಹೆಸರುಗಳು. ಇದು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಇಲಾಖೆಯ ಕಚೇರಿಯೂ ಗುಡ್ಡದ ಬುಡದಲ್ಲೇ ಇದೆ. 2010ರ ಕಾನೂನು ತಿದ್ದುಪಡಿ ಪ್ರಕಾರ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆ ಇನ್ನೂ 200 ಮೀಟರಿಗೆ ಅನುಮತಿ ಬೇಕು. ಮುಂಬಯಿಯಲ್ಲಿ 100 ಮೀಟರ್ ಅಂದ್ರೆ ಎಷ್ಟು ಮನೆ, ಲೆಕ್ಕ ಹಾಕಿ. ಹಳೇ ಬಿಲ್ಡಿಂಗ್ ಸೋರ್ತಾ ಇದ್ದರೂ ಕೆಡವಿ ಕಟ್ಟೋಕಾಗದೆ, ಅನುಮತಿ ಪಡೆದು ರಿಪೇರಿ ಮಾಡಿಸಿಕೊಂಡೇ ಇರಬೇಕು. ಅವರ ಸಿಟ್ಟು ಸುಳ್ಳಲ್ಲ.

ಹಾಗಂತ ನಿಯಮ ತೆಗೆದುಹಾಕಿ ಅನ್ನೋಕೂ ನನಗೆ ಮನಸ್ಸಿಲ್ಲ. ಸುತ್ತ ಗೋಪುರಗಳು ಎದ್ದರೆ ಕಾವಲು ಕೋಟೆಯಿಂದ ನೋಡೋಕೆ ಏನೂ ಉಳಿಯಲ್ಲ. ನೋಟ ಹೋದರೆ ಅದು ಬರೀ ಕಲ್ಲಿನ ರಾಶಿ. ನನ್ನ ಮಾತು ಇಷ್ಟೇ: ಅಕ್ಕಪಕ್ಕದವರಿಂದ ಇಷ್ಟು ತ್ಯಾಗ ಕೇಳುವ ಸರ್ಕಾರ, ಕೋಟೆಯನ್ನಾದರೂ ನೆಟ್ಟಗೆ ಇಟ್ಟುಕೊಳ್ಳಬೇಕು. ಕೋಟೆಯೂ ಬೀಳ್ತಾ, ಮನೆಯೂ ಬೀಳ್ತಾ ಇದ್ದರೆ ಆ ನಿಯಮದಿಂದ ಯಾರಿಗೂ ಲಾಭ ಇಲ್ಲ.

ನಮ್ಮ ಪಾಲಿನದು ಸುಲಭ. ಮಾಟುಂಗಾದಲ್ಲಿ ಇಡ್ಲಿ ತಿಂದು ಮುಂದಿನ ಸ್ಟೇಷನ್‌ಗೆ ಬನ್ನಿ. ಪೂರ್ವಕ್ಕೆ ಇಳಿದು ನೆಹರೂ ಉದ್ಯಾನ ಹಾದು ಮೆಟ್ಟಿಲು ಹತ್ತಿ. ಮಕ್ಕಳಿಗೆ ‘ಸೀಮೆ’ ಪದ ಹೇಳಿಕೊಡಿ. ಗೋಡೆ ಮೇಲೆ ಮಾತ್ರ ಏನೂ ಬರೆಯಬೇಡಿ. ಹೋಗಿ ಬಂದವರು ಏನು ಕಂಡಿರಿ ಅಂತ ನಮಗೂ ತಿಳಿಸಿ. ಮತ್ತೆ ಸಿಗೋಣ.